ಕರಾವಳಿಯ ಸೆಕೆಯಲ್ಲಿ ಬಣ್ಣ ಚೆಲ್ಲಿದ ಕೇಕ್: ಮೊದಲ ಸಲ ಅಲಂಕರಿಸುವವರಿಗೆ

ಕೇಕ್ ಅಲಂಕಾರವನ್ನು ಕಲಿಯಬೇಕೆಂದು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೆರೆದು ತೋರಿಸುತ್ತಾರೆ. ಅಂಚುಗಳು ನೇರವಾಗಿ ನಿಂತಿರುವ, ಎಲ್ಲಿಯೂ ಒಂದು ಗೀರಿಲ್ಲದ ಬಿಳಿಯ ಕೇಕಿನ ಚಿತ್ರವದು. ಅದರಿಂದ ಆರಂಭಿಸಬೇಡಿ ಎಂಬುದೇ ನನ್ನ ಮೊದಲ ಸಲಹೆ. ಅಷ್ಟು ನುಣುಪು ಬರಬೇಕಾದರೆ ತಿರುಗುವ ಪೀಠ, ಉದ್ದನೆಯ ಸ್ಕ್ರೇಪರ್, ತಂಪಾದ ಕೋಣೆ ಮತ್ತು ವರ್ಷಗಟ್ಟಲೆ ಪಳಗಿದ ಕೈ ಬೇಕು. ಮೇ ತಿಂಗಳ ಮಧ್ಯಾಹ್ನ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುವ ಕಾರವಾರದ ಅಡುಗೆಮನೆಯಲ್ಲಿ ಇವುಗಳಲ್ಲಿ ಒಂದೂ ಸುಲಭವಾಗಿ ಸಿಗುವುದಿಲ್ಲ. ಅದರ ಬದಲು ಮೂರು ಬಣ್ಣದ ಕ್ರೀಮನ್ನು ಚಮಚದ ಬೆನ್ನಿನಿಂದ ಬಳಿದು, ಮೇಲೆ ಬಣ್ಣದ ಹನಿಗಳನ್ನು ಚಿಮುಕಿಸಿ, ಒಂದು ಬದಿಗೆ ಸಿಹಿಕಾಳುಗಳನ್ನು ಚೆಲ್ಲಿದ ಕೇಕನ್ನು ಮಾಡಿದರೆ, ಕೈ ನಡುಗಿದ್ದೂ ಕ್ರೀಮು ಸ್ವಲ್ಪ ಜಾರಿದ್ದೂ ಅಲಂಕಾರದಲ್ಲಿಯೇ ಸೇರಿಹೋಗುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕಂತೂ ಇದಕ್ಕಿಂತ ಒಪ್ಪುವ ಕೇಕನ್ನು ನಾನು ಕಂಡಿಲ್ಲ. ಫಾಂಡೆಂಟಿನ, ಅಂದರೆ ಕಣಕದಂತೆ ನಾದಿದ ಸಕ್ಕರೆಯ, ಗೊಂಬೆಗಳನ್ನು ಹೊತ್ತ ಕೇಕುಗಳು ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ, ಆದರೆ ಆ ಗೊಂಬೆಗಳನ್ನು ಯಾವ ಮಗುವೂ ಎರಡನೆಯ ಸಲ ಕಚ್ಚುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಬೇಕು. ಈ ಕೇಕಿನ ಅಸ್ತವ್ಯಸ್ತತೆ ಕೊನೆಯ ಪದರಕ್ಕೆ ಮಾತ್ರ ಸೇರಿದ್ದು. ಅದರ ಕೆಳಗಿನ ಎಲ್ಲ ಕೆಲಸಗಳನ್ನು, ಅಂದರೆ ಅಳತೆ, ಬೇಯಿಸುವ ಶಾಖ, ಆರಿಸುವ ಸಮಯ, ಕ್ರೀಮಿನ ಗಟ್ಟಿತನ, ಬಣ್ಣಗಳ ಆಯ್ಕೆ, ಇವನ್ನು ನುಣುಪಾದ ಕೇಕಿಗೆ ಮಾಡುವಷ್ಟೇ ಶಿಸ್ತಿನಿಂದ ಮಾಡಬೇಕಾಗುತ್ತದೆ. ವಾಲಿ ನಿಂತ ಕೇಕಿನ ಮೇಲೆ ಬಣ್ಣ ಚೆಲ್ಲಿದರೆ ಅದು ತುಂಟತನವಾಗಿ ಕಾಣದೆ ಬಿದ್ದ ಕೇಕಾಗಿಯೇ ಕಾಣುತ್ತದೆ.

ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲವಾದ್ದರಿಂದ ನಾನು ಸಾಮಾನ್ಯವಾಗಿ ಮಾಡುವುದು ಮೊಸರಿನ ಕೇಕನ್ನು. ಒಂದು ಕಪ್ ಗಟ್ಟಿ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆಯನ್ನು ಬೆರೆಸಿ, ಅದು ಕರಗುವವರೆಗೂ ಕದಡಿ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್ ಮತ್ತು ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಹಾಗೆಯೇ ಬಿಡಬೇಕು. ಮೊಸರಿನ ಹುಳಿಯೂ ಸೋಡಾವೂ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಪಾತ್ರೆಯ ಅಂಚಿನಿಂದ ಸಣ್ಣ ಗುಳ್ಳೆಗಳು ಏಳುತ್ತ ನಡುವಿಗೆ ಹರಡಿ, ಮೊಸರು ಉಬ್ಬಿ ನೊರೆನೊರೆಯಾಗಿ ನಿಲ್ಲುತ್ತದೆ. ಗುಳ್ಳೆ ಏಳದಿದ್ದರೆ ಸೋಡಾ ಹಳೆಯದಾಗಿದೆ ಅಥವಾ ಮೊಸರಿಗೆ ಹುಳಿ ಸಾಲದು ಎಂದು ಅರ್ಥ, ಆಗ ಮುಂದುವರಿಯುವುದರಲ್ಲಿ ಪ್ರಯೋಜನವಿಲ್ಲ. ಅನಂತರ ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ ಮತ್ತು ಒಂದು ಚಮಚ ವೆನಿಲಾ ಸೇರಿಸಿ, ಜರಡಿ ಹಿಡಿದ ಒಂದೂವರೆ ಕಪ್ ಮೈದಾವನ್ನು ಮೂರು ಕಂತುಗಳಲ್ಲಿ ಹಾಕುತ್ತ ಮೆಲ್ಲಗೆ ಕಲಸಬೇಕು. ಹಿಟ್ಟಿನ ಗಂಟು ಒಡೆದ ಕೂಡಲೇ ಕೈ ನಿಲ್ಲಿಸಬೇಕು, ಏಕೆಂದರೆ ಹೆಚ್ಚು ಕಲಸಿದಷ್ಟೂ ಮೈದಾದ ಅಂಟು ಬಲಿತು ಕೇಕು ಬಿರುಸಾಗುತ್ತದೆ. ಹುಟ್ಟಿದ ಅನಿಲ ಕಾಯುತ್ತ ಕೂರುವುದಿಲ್ಲ. ಆದ್ದರಿಂದ ಏಳು ಅಂಗುಲದ ಟಿನ್ನಿಗೆ ಎಣ್ಣೆ ಸವರಿ ಕಾಗದ ಹಾಸಿ, ಓವನ್ನನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿ ಇಟ್ಟುಕೊಂಡಿರಬೇಕು. 35ರಿಂದ 40 ನಿಮಿಷಗಳಲ್ಲಿ ಬೇಯುತ್ತದೆ. ನಡುವಿಗೆ ಚುಚ್ಚಿದ ಕಡ್ಡಿ ಒದ್ದೆ ಹಿಟ್ಟಿಲ್ಲದೆ ಹೊರಬಂದರೆ ಸಾಕು.

ಮೊಟ್ಟೆ ಬಳಸುವವರಿಗೆ ಅಳತೆ ಇನ್ನೂ ಸುಲಭ. ನಾಲ್ಕು ಮೊಟ್ಟೆಗಳನ್ನು ತೂಗಿ, ಅದೇ ತೂಕದ ಬೆಣ್ಣೆ, ಸಕ್ಕರೆ, ಮೈದಾ ತೆಗೆದುಕೊಂಡು, ಎರಡು ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿದರೆ ಎಂಟು ಅಂಗುಲದ ಎರಡು ತೆಳು ಕೇಕುಗಳಾಗುತ್ತವೆ. ಅದೇ 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಸಾಕಾಗುತ್ತದೆ. ಬೆಣ್ಣೆ ಮತ್ತು ಸಕ್ಕರೆಯನ್ನು ಬಣ್ಣ ತಿಳಿಯಾಗುವವರೆಗೂ ಚೆನ್ನಾಗಿ ನಾದಿದ ಮೇಲೆಯೇ ಮೊಟ್ಟೆಯನ್ನು ಒಂದೊಂದಾಗಿ ಹಾಕಬೇಕು.

ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಕರೆಂಟನ್ನು ನಂಬಿ ಓವನ್ನಿನಲ್ಲಿ ಕೇಕಿಡುವವರು ಧೈರ್ಯಸ್ಥರು. ಅರ್ಧ ಬೆಂದ ಕೇಕು ಒಮ್ಮೆ ಕುಸಿದರೆ ಮತ್ತೆ ಏಳುವುದಿಲ್ಲ. ಆ ತಿಂಗಳುಗಳಿಗೆ ಕುಕ್ಕರೇ ಸರಿ: ರಬ್ಬರನ್ನೂ ಸೀಟಿಯನ್ನೂ ತೆಗೆದಿಟ್ಟು, ತಳದಲ್ಲಿ ಒಂದು ಪದರ ಪುಡಿ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಟಿನ್ನನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ 45 ನಿಮಿಷದಷ್ಟು ಬೇಯಿಸಬೇಕು. ನೀರನ್ನು ಮಾತ್ರ ಹಾಕಬಾರದು. ಮೇಲ್ಭಾಗ ಕೆಂಪಗಾಗುವುದಿಲ್ಲ, ಆದರೆ ಕ್ರೀಮಿನ ಕೆಳಗೆ ಹೋಗುವ ಕೇಕಿಗೆ ಆ ಕೆಂಪು ಬೇಕಾಗಿಯೂ ಇಲ್ಲ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ, ರವೆ, ಬೆಲ್ಲ, ತೆಂಗಿನಕಾಯಿ ಹಾಕಿ ಮಾಡುವ ತವಸಳಿಯನ್ನು ಹಿಂದೆ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದರು; ಓವನ್ನಿಲ್ಲದೆ ಕೇಕಾಗದು ಎನ್ನುವವರಿಗೆ ನಾನು ಅದನ್ನೇ ನೆನಪಿಸುತ್ತೇನೆ.

ಬೆಂದ ಕೇಕನ್ನು ಆರಿಸುವಲ್ಲಿ ಅವಸರ ಸಲ್ಲದು. ಹತ್ತು ನಿಮಿಷ ಟಿನ್ನಿನಲ್ಲಿ, ಆಮೇಲೆ ಜಾಲರಿಯ ಮೇಲೆ ಕನಿಷ್ಠ ಎರಡು ಗಂಟೆ ಇಟ್ಟು, ಪೂರ್ತಿ ತಣ್ಣಗಾದ ನಂತರ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಕೇಕಿನ ಒಳಮೈ ಬಿಗಿಯುತ್ತದೆ, ಕತ್ತರಿಸುವಾಗ ಪುಡಿಯಾಗುವುದಿಲ್ಲ. ಮರುದಿನ ಬ್ರೆಡ್ ಕತ್ತರಿಸುವ ಹಲ್ಲಿನ ಚಾಕುವಿನಿಂದ ಉಬ್ಬಿದ ನೆತ್ತಿಯನ್ನು ಸಮತಟ್ಟಾಗಿ ತೆಗೆದು, ಉಳಿದದ್ದನ್ನು ಅಡ್ಡಲಾಗಿ ಎರಡು ಪದರ ಮಾಡಬೇಕು. ನೆತ್ತಿಯ ತುಂಡನ್ನು ಏನು ಮಾಡಬೇಕೆಂದು ಮಕ್ಕಳಿರುವ ಮನೆಯಲ್ಲಿ ಹೇಳಬೇಕಾಗಿಲ್ಲ.

ಇನ್ನು ಕ್ರೀಮು. ಕರಾವಳಿಯವರಿಗೆ ಇಡೀ ಕೆಲಸದಲ್ಲಿ ತೊಡಕಿನ ಭಾಗ ಇದೇ. ಬೆಣ್ಣೆಯು 32ರಿಂದ 35 ಡಿಗ್ರಿಗಳ ನಡುವೆ ಕರಗಿ ಹೋಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗಿ ಆಕಾರ ಬಿಡುತ್ತದೆ. ಕಾರವಾರ, ಅಂಕೋಲಾ, ಕುಮಟಾದ ಬೇಸಿಗೆಯ ಮಧ್ಯಾಹ್ನಗಳು ಅದೇ ಅಂಕಿಗಳ ಸುತ್ತ ಓಡಾಡುತ್ತವೆ. ಘಟ್ಟದ ಮೇಲೆ, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿರುವ ನನ್ನ ಅಕ್ಕ ಡಿಸೆಂಬರಿನಲ್ಲಿ ನಿಶ್ಚಿಂತೆಯಿಂದ ಬೆಣ್ಣೆಯ ಕ್ರೀಮನ್ನು ಬಳಿಯುತ್ತಾಳೆ. 250 ಗ್ರಾಂ ಉಪ್ಪಿಲ್ಲದ ಬೆಣ್ಣೆಗೆ 500 ಗ್ರಾಂ ಐಸಿಂಗ್ ಸಕ್ಕರೆ (ಹಿಟ್ಟಿನಂತೆ ನುಣ್ಣಗಿರುವ ಸಕ್ಕರೆ ಪುಡಿ), ಬೇಕಿದ್ದರೆ ಒಂದೆರಡು ಚಮಚ ಹಾಲು, ಇಷ್ಟೇ ಅವಳ ಲೆಕ್ಕ. ಮನೆಯಲ್ಲಿ ಕಡೆದ ಬೆಣ್ಣೆಯನ್ನೂ ಬಳಸಬಹುದು, ಆದರೆ ಅದರಲ್ಲಿ ಮಜ್ಜಿಗೆ ಉಳಿದಿದ್ದರೆ ಕ್ರೀಮು ನೀರು ಬಿಡುತ್ತದೆ. ಆದ್ದರಿಂದ ತಣ್ಣೀರಿನಲ್ಲಿ ತೊಳೆದ ನೀರು ತಿಳಿಯಾಗುವವರೆಗೂ ಹಿಂಡಿ ಹಿಂಡಿ ತೊಳೆಯಬೇಕು. ಬ್ರೆಡ್ಡಿಗೆ ಹಚ್ಚುವ ಉಪ್ಪಿನ ಹಳದಿ ಬೆಣ್ಣೆ ಇದಕ್ಕೆ ಬೇಡ.

ಕೆಳಗಿನವರಾದ ನಮಗೆ, ಅದರಲ್ಲಿಯೂ ಮೊದಲ ಸಲ ಮಾಡುವವರಿಗೆ, ಬೇಕರಿಯವರು ಬಳಸುವ ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಮೇ ಅನುಕೂಲ. ಅದರ ರುಚಿ ಸಪ್ಪೆ ಎಂಬುದನ್ನು ಒಪ್ಪುತ್ತೇನೆ, ಚಿಟಿಕೆ ಉಪ್ಪು ಮತ್ತು ಸ್ವಲ್ಪ ನಿಂಬೆಸಿಪ್ಪೆಯ ತುರಿ ಸೇರಿಸಿದರೆ ಅಷ್ಟರ ಮಟ್ಟಿಗೆ ಸುಧಾರಿಸುತ್ತದೆ. ಅದು ಗಟ್ಟಿಕಟ್ಟಿದ ಸ್ಥಿತಿಯಲ್ಲಿ ಸಿಗುತ್ತದೆ. ಫ್ರಿಜ್ಜಿನಲ್ಲಿ ಕರಗಲು ಬಿಟ್ಟು, ಒಳಗೆ ಇನ್ನೂ ಕೆಲವು ಮಂಜಿನ ಚೂರುಗಳು ಉಳಿದಿರುವಾಗಲೇ, ಐಸಿನ ಮೇಲೆ ಕೂರಿಸಿದ ಪಾತ್ರೆಯಲ್ಲಿ ಬೀಟರಿನಿಂದ ಕಡೆಯಬೇಕು. ಬೀಟರನ್ನು ಎತ್ತಿದಾಗ ಕ್ರೀಮಿನ ತುದಿ ನಿಂತು ಸ್ವಲ್ಪವೇ ಬಾಗಿದರೆ ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಕಡೆದರೆ ತರಿತರಿಯಾಗಿ ಒಡೆದಂತೆ ಕಾಣುತ್ತದೆ. ಅಂಗಡಿಯಲ್ಲಿ ಸಣ್ಣ ಪೆಟ್ಟಿಗೆಯಲ್ಲಿ ಸಿಗುವ, ಶೇಕಡಾ 25ರಷ್ಟು ಕೊಬ್ಬಿರುವ ಫ್ರೆಶ್ ಕ್ರೀಮನ್ನು ಎಷ್ಟು ಕಡೆದರೂ ಅದು ನಿಲ್ಲುವುದಿಲ್ಲ. ಹಾಲಿನ ಕ್ರೀಮೇ ಬೇಕೆನ್ನುವವರು ಶೇಕಡಾ 35ರ ಆಸುಪಾಸಿನ ಕೊಬ್ಬಿರುವುದನ್ನು ಹುಡುಕಬೇಕು.

ಬಣ್ಣದ ವಿಷಯದಲ್ಲಿ ಹೊಸಬರ ಆಸೆ ದೊಡ್ಡದು, ಏಳೂ ಬಣ್ಣಗಳು ಒಂದೇ ಕೇಕಿನಲ್ಲಿ ಬೇಕು ಎನ್ನಿಸುತ್ತದೆ. ಆದರೆ ಚಮಚದಿಂದ ಬಳಿಯುವಾಗ ಬಣ್ಣಗಳು ಅಂಚಿನಲ್ಲಿ ಬೆರೆತೇ ಬೆರೆಯುತ್ತವೆ. ಕೆಂಪು ಹಸಿರಿಗೆ ತಾಗಿದ ಕಡೆ, ನೇರಳೆ ಹಳದಿಗೆ ತಾಗಿದ ಕಡೆ ಕೆಸರಿನ ಬಣ್ಣ ಹುಟ್ಟುತ್ತದೆ. ಆದ್ದರಿಂದ ಬೆರೆತರೂ ಚೆಂದ ಕಾಣುವ ಮೂರನ್ನು ಆರಿಸಿಕೊಳ್ಳಬೇಕು: ಹಳದಿ, ಕಿತ್ತಳೆ, ಗುಲಾಬಿ ಒಂದು ಗುಂಪು, ನೀಲಿ, ನೇರಳೆ, ಗುಲಾಬಿ ಇನ್ನೊಂದು. ಎದುರಾಳಿ ಬಣ್ಣವೊಂದು ಬೇಕೇ ಬೇಕೆನಿಸಿದರೆ ಅದನ್ನು ಬಳಿಯದೆ, ಉಳಿದದ್ದು ಫ್ರಿಜ್ಜಿನಲ್ಲಿ ಗಟ್ಟಿಯಾದ ಮೇಲೆ ಹನಿಗಳಾಗಿ ಚಿಮುಕಿಸಬಹುದು. ಬೆಣ್ಣೆಯ ಕ್ರೀಮಿನಲ್ಲಿ ಸಹಜವಾಗಿಯೇ ಹಳದಿ ಇರುವುದರಿಂದ ನೀಲಿ ಹಾಕಿದರೆ ಪಾಚಿಯ ಛಾಯೆ ಬರುತ್ತದೆ. ಸೂಜಿಮೊನೆಯಷ್ಟು ನೇರಳೆಯನ್ನು ಮೊದಲು ಬೆರೆಸಿದರೆ ಆ ಹಳದಿ ಅಡಗುತ್ತದೆ.

ಕ್ರೀಮಿಗೆ ಜೆಲ್ ಬಣ್ಣವೇ ಆಗಬೇಕು, ನೀರಾದ ಬಣ್ಣ ಕ್ರೀಮನ್ನು ಸಡಿಲಗೊಳಿಸುತ್ತದೆ. ಟೂತ್‌ಪಿಕ್ಕಿನ ತುದಿಯಲ್ಲಿ ತೆಗೆದುಕೊಂಡು ಬೆರೆಸಿ, ಬೇಕಾದುದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿರುವಾಗಲೇ ನಿಲ್ಲಿಸಬೇಕು, ಏಕೆಂದರೆ ಕೆಲವು ಗಂಟೆಗಳಲ್ಲಿ ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಬಣ್ಣದ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡದೆ ಕೊಳ್ಳಬಾರದು. ಕಾಟನ್ ಕ್ಯಾಂಡಿಯಲ್ಲಿ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣ ಸಿಕ್ಕಿದ ಮೇಲೆ ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ಅದರಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆಯು ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಮಾದರಿಗಳು ಕೃತಕ ಬಣ್ಣಗಳ ಕಾರಣದಿಂದ ಅಸುರಕ್ಷಿತವೆಂದು ಕಂಡುಬಂದವು. ಉಳಿದ 223 ಸರಿಯಾಗಿಯೇ ಇದ್ದವು ಎಂಬುದನ್ನೂ ಹೇಳಬೇಕು. ಕೇಕೆಂದರೆ ವಿಷವೆಂಬಂತೆ ಹಬ್ಬಿದ ಗಾಬರಿಗೆ ಆಧಾರವಿರಲಿಲ್ಲ. ಆದರೂ ಮನೆಯಲ್ಲಿ ಮಾಡುವಾಗ ಬಣ್ಣವೆಷ್ಟು ಎಂಬುದು ನಮ್ಮ ಕೈಯಲ್ಲಿಯೇ ಇರುತ್ತದೆ, ಗಾಢವಾದ ಕೆಂಪು ಮತ್ತು ಕಪ್ಪನ್ನು ಬಿಟ್ಟರೆ ಚಮಚಗಟ್ಟಲೆ ಬಣ್ಣ ಸುರಿಯುವ ಪ್ರಸಂಗವೇ ಬರುವುದಿಲ್ಲ.

ಹಿತ್ತಿಲಿನಲ್ಲಿಯೇ ಬಣ್ಣ ಹುಡುಕುವ ಆಸಕ್ತಿಯಿದ್ದರೆ ಉತ್ತರ ಕನ್ನಡದಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಬಸಳೆಯ ಚಪ್ಪರದಲ್ಲಿ ಹಣ್ಣಾಗಿ ಕಪ್ಪಾದ ಕಾಳುಗಳನ್ನು ಹಿಸುಕಿದರೆ ಬೆರಳು ಎರಡು ದಿನ ಬಿಡದಷ್ಟು ಗಾಢವಾದ ಗುಲಾಬಿ ನೇರಳೆಯ ರಸ ಬರುತ್ತದೆ. ಬೇಲಿಯ ಶಂಖಪುಷ್ಪದ ಹತ್ತು ಹನ್ನೆರಡು ನೀಲಿ ಹೂವುಗಳನ್ನು ಎರಡು ಚಮಚ ಬಿಸಿನೀರಿನಲ್ಲಿ ನೆನೆಸಿದರೆ ನೀಲಿ ಸಿಗುತ್ತದೆ. ಅದರಲ್ಲಿ ಅರ್ಧವನ್ನು ಬೇರೆ ಬಟ್ಟಲಿಗೆ ಹಾಕಿ ನಿಂಬೆರಸದ ಒಂದೆರಡು ಹನಿ ಬಿಟ್ಟರೆ ಕಣ್ಣೆದುರಿಗೇ ನೇರಳೆಯಾಗುತ್ತದೆ, ಮಕ್ಕಳು ಇದನ್ನು ನೋಡಲೆಂದೇ ಅಡುಗೆಮನೆಗೆ ಬರುತ್ತಾರೆ. ಮುರುಗಲು ಹಣ್ಣಿನ ಸಿಪ್ಪೆಯ ರಸ ಕೆಂಪಿಗೆ. ಅರಿಶಿನವನ್ನು ಒಂದು ಚಮಚ ಬೆಚ್ಚಗಿನ ಎಣ್ಣೆಯಲ್ಲಿ ಕದಡಿ ತಣಿಸಿದರೆ ಹಸಿ ವಾಸನೆ ಕಡಿಮೆಯಾಗುತ್ತದೆ, ಕೊಬ್ಬಿನಲ್ಲಿ ಕರಗುವ ಬಣ್ಣವಾದ್ದರಿಂದ ಕ್ರೀಮಿಗೆ ಚೆನ್ನಾಗಿ ಹಿಡಿಯುತ್ತದೆ.

ಇವೆಲ್ಲವನ್ನೂ ಕೇಕಿನ ಹಿಟ್ಟಿಗೆ ಹಾಕುವುದರಲ್ಲಿ ಮಾತ್ರ ಅರ್ಥವಿಲ್ಲ. ಸೋಡಾದ ಕ್ಷಾರಕ್ಕೆ ಅರಿಶಿನ ಕೆಂಪು ಕಂದಾಗುತ್ತದೆ, ಮುರುಗಲಿನ ಕೆಂಪು ಮಂಕಾಗುತ್ತದೆ, ಬಸಳೆ ಮತ್ತು ಬೀಟ್‌ರೂಟಿನ ಗುಲಾಬಿ ಓವನ್ನಿನ ಶಾಖಕ್ಕೆ ಮಾಸಿಹೋಗುತ್ತದೆ. ಎಣ್ಣೆಯಲ್ಲಿ ಕದಡಿದ ಅರಿಶಿನವೊಂದನ್ನು ಬಿಟ್ಟರೆ ಉಳಿದವು ನೀರಿನ ರಸಗಳಾದ್ದರಿಂದ ಕ್ರೀಮಿಗೂ ಹೆಚ್ಚು ಹಾಕುವಂತಿಲ್ಲ. ಅವುಗಳ ಸರಿಯಾದ ಜಾಗವೆಂದರೆ ಚಿಮುಕಿಸುವ ಹನಿಗಳು: ನಾಲ್ಕು ಚಮಚ ಐಸಿಂಗ್ ಸಕ್ಕರೆಗೆ ಈ ರಸವನ್ನು ಹನಿಹನಿಯಾಗಿ ಬೆರೆಸಿ, ಚಮಚದಿಂದ ಎಳೆಯಾಗಿ ಇಳಿಯದೆ ಹನಿಯಾಗಿ ಬೀಳುವಷ್ಟು ತೆಳುವಾದ ಪಾಕ ಮಾಡಿಕೊಳ್ಳಬೇಕು.

ಪದರಗಳ ನಡುವಿಗೆ ಏನು ತುಂಬಬೇಕೆಂದು ಮಾವಿನ ಕಾಲದಲ್ಲಿ ನಮ್ಮನ್ನು ಕೇಳಬಾರದು. ಅಂಕೋಲಾದ ಕರಿ ಇಶಾಡಿ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅದರ ತಿರುಳನ್ನು ಸ್ವಲ್ಪವೇ ಸಕ್ಕರೆಯೊಂದಿಗೆ, ಚಮಚ ಎಳೆದಾಗ ತಳ ಕಾಣುವಷ್ಟು ಗಟ್ಟಿಯಾಗಿ ಕುದಿಸಿ ಪೂರ್ತಿ ತಣಿಸಿಕೊಳ್ಳಬೇಕು. ಕೆಳಗಿನ ಪದರದ ಅಂಚಿನ ಸುತ್ತಲೂ ಕ್ರೀಮಿನ ಒಂದು ಕಟ್ಟೆ ಕಟ್ಟಿ ಅದರೊಳಗೆ ಈ ತಿರುಳನ್ನು ಹರಡಿದರೆ ಅದು ಬದಿಯಿಂದ ಇಣುಕುವುದಿಲ್ಲ.

ಮೇಲಿನ ಪದರವನ್ನು ಕೂರಿಸಿದ ಮೇಲೆ ಇಡೀ ಕೇಕಿಗೆ ಒಂದು ತೆಳುವಾದ ಬಿಳಿ ಕ್ರೀಮಿನ ಲೇಪ ಕೊಡಬೇಕು. ಕೇಕಿನ ಪುಡಿಗಳೆಲ್ಲ ಈ ಲೇಪದಲ್ಲಿ ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ಇದು ಕೊಳಕಾಗಿ ಕಂಡರೂ ಚಿಂತೆಯಿಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಮುಟ್ಟಿದರೆ ಬೆರಳಿಗೆ ಅಂಟದಂತಾದ ಮೇಲೆ ಎರಡನೆಯ ಬಿಳಿ ಲೇಪ, ಅದಕ್ಕೂ ಅಷ್ಟೇ ತಂಪು. ಈಗ ಬಣ್ಣ. ಒಂದೊಂದು ಬಣ್ಣಕ್ಕೂ ಬೇರೆ ಚಮಚವಿರಲಿ. ಚಮಚದ ಬೆನ್ನಿಗೆ ಅಡಿಕೆ ಗಾತ್ರದ ಕ್ರೀಮು ತೆಗೆದುಕೊಂಡು, ಕೇಕಿನ ಬದಿಗೆ ಒತ್ತಿ, ಒಂದೇ ಎಳೆತದಲ್ಲಿ ಓರೆಯಾಗಿ ಮೇಲಕ್ಕೆ ಎಳೆದು ಬಿಟ್ಟುಬಿಡಬೇಕು. ಕ್ರೀಮು ಒತ್ತಿದ ಕಡೆ ದಪ್ಪವಾಗಿ, ತುದಿಯಲ್ಲಿ ತೆಳುವಾಗಿ, ಒಂದಿಷ್ಟು ಹರಿದುಹೋದಂತೆ ನಿಲ್ಲುತ್ತದೆ. ಆ ಹರಿದ ತುದಿಯನ್ನು ಸರಿಪಡಿಸಲು ಹೋಗದಿರುವುದೇ ಈ ಅಲಂಕಾರದ ಮುಖ್ಯ ಗುಟ್ಟು. ಎರಡನೆಯ ಸಲ ಚಮಚ ಆಡಿಸಿದರೆ ಅಂಚು ಸತ್ತು ಬಣ್ಣ ಮಸುಕಾಗುತ್ತದೆ. ಗೆರೆ ಅಥವಾ ಚುಕ್ಕೆಗಳು ಬೇಕಿದ್ದರೆ ಪೈಪಿಂಗ್ ಬ್ಯಾಗ್ ಕೊಳ್ಳಬೇಕೆಂದೇನೂ ಇಲ್ಲ, ಶುದ್ಧವಾದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಮೆಹಂದಿ ಕೋನಿನಂತೆ ಸುತ್ತಿ ತುದಿ ಕತ್ತರಿಸಿಕೊಂಡರೆ ಸಾಕು.

ಹನಿ ಚಿಮುಕಿಸುವುದನ್ನು ಅಡುಗೆಮನೆಯಲ್ಲಿ ಮಾಡಬಾರದು. ಹಿತ್ತಿಲ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಕೇಕನ್ನು ಇಟ್ಟು, ಹೊಸ ಹಲ್ಲುಜ್ಜುವ ಬ್ರಷ್ಷನ್ನು ಬಣ್ಣದ ಪಾಕದಲ್ಲಿ ಅದ್ದಿ, ಒಂದು ಗೇಣು ದೂರದಿಂದ ಹೆಬ್ಬೆರಳಿನಲ್ಲಿ ಎಳೆಗಳನ್ನು ಹಿಂದಕ್ಕೆ ಬಗ್ಗಿಸಿ ಬಿಟ್ಟರೆ ಸಣ್ಣ ಹನಿಗಳು ಹಾರಿ ಕೂರುತ್ತವೆ. ಕೇಕು ತಣ್ಣಗಿದ್ದರೆ ಹನಿ ಬಿದ್ದಲ್ಲಿಯೇ ನಿಲ್ಲುತ್ತದೆ, ಬೆಚ್ಚಗಿದ್ದರೆ ಹರಿಯುತ್ತದೆ. ಮೊದಲ ಚಿಮುಕು ಪತ್ರಿಕೆಯ ಮೇಲಿರಲಿ. ಶಿರಸಿಯಿಂದ ರಜೆಗೆ ಬಂದ ಅಕ್ಕನ ಮಗಳಿಗೆ ಬ್ರಷ್ ಕೊಟ್ಟರೆ ಅವಳು ನಿಲ್ಲಿಸುವುದೇ ಇಲ್ಲ. “ಚಿಕ್ಕಿ, ಇಲ್ಲಿ ಇನ್ನೂ ಬೆಳ್ಳಗೇ ಇದ್ದು” ಎನ್ನುತ್ತ ಖಾಲಿ ಜಾಗವನ್ನು ಹುಡುಕಿ ಹುಡುಕಿ ತುಂಬುತ್ತಾಳೆ. ನನ್ನ ಅಭಿಪ್ರಾಯದಲ್ಲಿ ಕೇಕಿನ ಮೂರನೆಯ ಒಂದು ಭಾಗವಾದರೂ ಬಿಳಿಯಾಗಿಯೇ ಉಳಿಯಬೇಕು, ಆಗಲೇ ಉಳಿದ ಬಣ್ಣ ಎದ್ದು ಕಾಣುತ್ತದೆ. ಆದ್ದರಿಂದ ಮಕ್ಕಳಿಗೆ ಕೇಕಿನ ಹಿಂಬದಿಯನ್ನು ಪೂರ್ತಿಯಾಗಿ ಬಿಟ್ಟುಕೊಡುವುದು ಒಳ್ಳೆಯದು.

ಸ್ಪ್ರಿಂಕಲ್ಸ್, ಜೆಮ್ಸ್, ಸಕ್ಕರೆ ಲೇಪದ ಬಣ್ಣದ ಸೋಂಪು, ಜಾತ್ರೆಯ ಬೆಂಡು ಬತ್ತಾಸನ್ನು ಒಡೆದ ಚೂರು, ಯಾವುದಾದರೂ ಆದೀತು. ಒಂದು ಮೂಲೆಯಿಂದ ಕೆಳಕ್ಕೆ ಜಾರಿದಂತೆ ಒಂದೇ ಕಡೆ ಗುಂಪಾಗಿ ಹಾಕಿದರೆ ಎಲ್ಲೆಡೆ ಎರಚಿದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಇವನ್ನು ಕತ್ತರಿಸುವ ಸ್ವಲ್ಪ ಮೊದಲು ಹಾಕಬೇಕು. ನಮ್ಮ ತೇವದ ಹವೆಯಲ್ಲಿ ಫ್ರಿಜ್ಜಿನಿಂದ ಹೊರತಂದ ಕೇಕಿನ ಮೇಲೆ ನೀರು ಕೂಡುತ್ತದೆ, ಆ ನೀರಿಗೆ ಕಾಳುಗಳ ಬಣ್ಣ ಇಳಿದು ಬಿಳಿ ಕ್ರೀಮಿನ ಮೇಲೆ ಗೆರೆಗಳಾಗಿ ಹರಿಯುತ್ತದೆ, ಬತ್ತಾಸು ಕರಗಿಯೇ ಹೋಗುತ್ತದೆ. ಹಾಗೆಯೇ, ಸಿದ್ಧವಾದ ಕೇಕನ್ನು ಮೇಜಿನ ಮೇಲೆ ಇಡುವಾಗ ತಟ್ಟೆಯ ಕೆಳಗೆ ನೀರು ತುಂಬಿದ ಅಗಲವಾದ ತಟ್ಟೆಯೊಂದನ್ನು ಇಡದಿದ್ದರೆ, ಅತಿಥಿಗಳಿಗಿಂತ ಮುಂಚೆ ಇರುವೆಗಳು ಬಂದಿರುತ್ತವೆ.

ಕೇಕನ್ನು ಊರಿಂದೂರಿಗೆ ಒಯ್ಯಬೇಕಾದವರಿಗೆ ಒಂದಿಷ್ಟು ಮಾತು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ತಿರುವುಗಳಲ್ಲಿ ಎರಡು ಪದರದ ಕೇಕು ಸುಲಭವಾಗಿ ಜಾರುತ್ತದೆ. ಹಿಂದಿನ ರಾತ್ರಿಯಿಂದಲೇ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿ, ನಡುವಿಗೆ ದಪ್ಪನೆಯ ಸ್ಟ್ರಾ ಒಂದನ್ನು ತಳದವರೆಗೆ ಇಳಿಸಿ, ಕೇಕಿನ ತಟ್ಟೆಗೆ ಸರಿಯಾಗಿ ಹೊಂದುವ ಪೆಟ್ಟಿಗೆಯಲ್ಲಿ, ಕಾರಿನ ಸೀಟಿನ ಮೇಲಾಗಲಿ ಮಡಿಲಲ್ಲಾಗಲಿ ಇಡದೆ ಕಾಲಿಡುವ ಸಮತಟ್ಟಾದ ಜಾಗದಲ್ಲಿ ಇಡಬೇಕು. ಹನಿಗಳನ್ನೂ ಕಾಳುಗಳನ್ನೂ ತಲುಪಿದ ಮೇಲೆಯೇ ಹಾಕಿಕೊಳ್ಳುವಂತೆ ಬೇರೆ ಡಬ್ಬಿಗಳಲ್ಲಿ ಒಯ್ದರೆ, ದಾರಿಯಲ್ಲಿ ಬದಿಗೆ ತಾಗಿ ಕೆಟ್ಟ ಜಾಗಗಳನ್ನು ಅವುಗಳಿಂದಲೇ ಮುಚ್ಚಬಹುದು. ಕತ್ತರಿಸುವಾಗ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಪ್ರತಿ ತುಂಡಿಗೂ ಹಾಗೆಯೇ ಮಾಡಿದರೆ ಬಣ್ಣಗಳು ಒಳಗಿನ ಕೇಕಿಗೆ ಬಳಿದುಕೊಳ್ಳುವುದಿಲ್ಲ. ಉಳಿದ ಕೇಕು ಮುಚ್ಚಿದ ಡಬ್ಬದಲ್ಲಿ, ಫ್ರಿಜ್ಜಿನೊಳಗೆ, ಮಾವಿನ ತಿರುಳು ತುಂಬಿದ್ದರೆ ಎರಡು ದಿನ, ಇಲ್ಲದಿದ್ದರೆ ಮೂರು ದಿನ ಚೆನ್ನಾಗಿರುತ್ತದೆ. ತಿನ್ನುವ ಹದಿನೈದು ನಿಮಿಷ ಮೊದಲು ಹೊರತೆಗೆದಿಡಬೇಕು.